ನಿಂತ ಗಾಡಿ

ಟೈಲ್ಸ್ ಅಂಗಡಿಯ ಮಹಾರುದ್ರಪ್ಪ ಬೆಟ್ಟಗುಡ್ಡ ಹತ್ತುವ ದುಬಾರಿ ವಿದೇಶಿ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗ ಬೀದಿಗೆಲ್ಲ ಪೇಡೆ ಹಂಚಿದ್ದ. ಎಂಟೇ ತಿಂಗಳಿಗೆ ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪೇರಿಗೆ ಕೇಳಿದ ದುಡ್ಡಿನಲ್ಲಿ ಹೊಸದೊಂದು ಸಣ್ಣ ಕಾರೇ ಬರುತ್ತಿತ್ತು. ಅವನು ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ದಿನಾ ಬೆಳಿಗ್ಗೆ ಒರೆಸುತ್ತಿದ್ದನೇ ಹೊರತು, ಕೆಟ್ಟಿದೆ ಎಂದು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಇಂದುಮತಿ ಓಡಿ ಬಂದಳು. "ಅಣ್ಣಾ, ನಮ್ಮ ಮಾವನೋರು ಬಿದ್ಬಿಟ್ಟಿದಾರೆ, ಬಾಯಿ ಸೊಟ್ಟ ಆಗಿದೆ. ನಮ್ಮನೆಯೋರು ಊರಲ್ಲಿಲ್ಲ. ಸ್ವಲ್ಪ ನೀವು..."

ಅವನು ಮಾತು ಮುಗಿಸಲು ಬಿಡಲಿಲ್ಲ. "ಗಾಡಿ ಕೊಡೋಕಾಗಲ್ಲಮ್ಮ. ನಾನೇ ಎಲ್ಲೋ ಹೊರಟಿದೀನಿ," ಎಂದು ಬಾಗಿಲು ಹಾಕಿಕೊಂಡ. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಕಿಟಕಿಯ ಪರದೆ ಹಿಂದೆ ನಿಂತೇ ಇದ್ದ.

ಮುದುಕರು ಉಳಿದರು. ಬಲಗೈ ಮಾತ್ರ ಮೇಲೇಳಲಿಲ್ಲ. ಹದಿನೈದು ದಿನ ಮುಖ ತಪ್ಪಿಸಿಕೊಂಡು ಓಡಾಡಿದ ಮಹಾರುದ್ರಪ್ಪ, ಕೊನೆಗೆ ತಡೆಯಲಾರದೆ ಅವರ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತ.

"ತಪ್ಪಾಯ್ತಮ್ಮ. ಕೊಡಬಾರ್ದು ಅಂತಲ್ಲ. ಆ ಗಾಡಿ ಕೆಟ್ಟು ನಾಲ್ಕು ತಿಂಗಳಾಯ್ತು. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ಅದು ಬೀದಿಗೆಲ್ಲ ಗೊತ್ತಣ್ಣ," ಎಂದಳು ಇಂದುಮತಿ, ಮಾವನಿಗೆ ಗಂಜಿ ಕುಡಿಸುತ್ತಾ. "ನಮ್ಮ ಕಾರು ಮನೇಲೇ ಇತ್ತು. ನಂಗೆ ಓಡ್ಸೋಕೆ ಬರಲ್ಲ. ನಿಮ್ಮನ್ನ ಕರೆಯೋಕೆ ಬಂದಿದ್ದೆ."