ಕಣ್ಣಿನ ಚಾಳಿ

ಎಂಟು ವರ್ಷದ ಹಂಸಿನಿ ಮಾತಿನ ನಡುವೆ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ತೆರೆಯುತ್ತಿದ್ದಳು. ಒಮ್ಮೊಮ್ಮೆ ಗುಡ್ಡೆಗಳು ತಾವಾಗಿಯೇ ಮೇಲಕ್ಕೆ ಹೊರಳುತ್ತಿದ್ದವು. ದೃಷ್ಟಿಯಲ್ಲಿ ದೋಷವಿಲ್ಲವೆಂದು ಕಣ್ಣಿನ ಡಾಕ್ಟರು ಅವಳನ್ನು ಮಕ್ಕಳ ನರರೋಗದ ಡಾಕ್ಟರ ಬಳಿಗೆ ಕಳಿಸಿದ್ದರು.

"ಇದು ರೋಗ ಅಲ್ಲ ಮೇಡಂ, ಕೊಬ್ಬು," ಎಂದ ಅಪ್ಪ ಚಂದ್ರಮೌಳಿ. ಅವನು ಹೈಸ್ಕೂಲಿನ ಹೆಡ್‌ಮಾಸ್ಟರು. "ಇಂಥ ನಾಟಕದವರನ್ನ ದಿನಾ ನೋಡ್ತೀನಿ. ಮಿಟುಕಿಸಿದಾಗೆಲ್ಲ ಸ್ಕೇಲಲ್ಲಿ ಗೆಣ್ಣಿಗೆ ಕೊಡ್ತೀನಿ, ಆದ್ರೂ ಬುದ್ಧಿ ಬಂದಿಲ್ಲ. ಇವರಮ್ಮ ಮುದ್ದು ಮಾಡಿ ಕೆಡಿಸಿದಾಳೆ."

ತಲೆ ತಗ್ಗಿಸಿದಳು ಹೆಂಡತಿ ವಿಶಾಲ. ಹಂಸಿನಿ ಮಿಟುಕಿಸುವುದನ್ನು ತಡೆಯಲು ನೋಡಿದಳು. ಆಗದೆ ಮೊದಲಿಗಿಂತ ಜೋರಾಗಿ ಮಿಟುಕಿಸಿದಳು.

"ನೋಡಿ, ಹೇಳಿದ್ರೆ ಇನ್ನೂ ಜಾಸ್ತಿ!"

"ಅವಳು ಬೇಕಂತ ಮಾಡ್ತಿಲ್ಲ ಸರ್," ಎಂದರು ಡಾಕ್ಟರು. "ಇದಕ್ಕೆ ಟಿಕ್ ಅಂತಾರೆ. ಬೈದಷ್ಟೂ ಹೆಚ್ಚಾಗುತ್ತೆ. ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗಿತ್ತಾ?"

"ನಮ್ಮ ವಂಶದಲ್ಲಾ? ಛೀ!" ಚಂದ್ರಮೌಳಿ ಮೂತಿ ತಿರುಗಿಸಿ ನಕ್ಕ. "ಇವಳ ತವರಿನವರನ್ನ ಕೇಳಿ. ಅಲ್ಲಿ ಒಬ್ಬರೂ ನೆಟ್ಟಗಿಲ್ಲ. ಅನುಮಾನ ಇದ್ರೆ ನಮ್ಮಮ್ಮ ಇಲ್ಲೇ ಇದಾರೆ, ಅವರನ್ನೇ ಕೇಳಿ."

ಡಾಕ್ಟರು ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಸೊಸೆಯನ್ನು ಒಮ್ಮೆ ತಾತ್ಸಾರದಿಂದ ನೋಡಿ, ಮಗನ ನೆರವಿಗೆ ಮುಂದೆ ಬಾಗಿದಳು.

"ಇದಕ್ಕೆಲ್ಲ ಔಷಧಿ ಯಾಕೆ ಡಾಕ್ಟ್ರಮ್ಮ? ಇವನೂ ಇಷ್ಟುದ್ದ ಇದ್ದಾಗ ಥೇಟ್ ಹೀಗೇ ಮಿಟುಕಿಸ್ತಿದ್ದ; ಸೌಟು ಕಾಯಿಸಿ ತೊಡೆಗೆ ಎರಡು ಬರೆ ಹಾಕಿದ್ದೆ."