ಒಂಟಿ ಸೀಟು

ಮಗಳು ಕಾಲೇಜಿಗೆ ಹೋಗುವುದಾದರೆ ಅಣ್ಣನ ಬೈಕಿನಲ್ಲೇ ಹೋಗಬೇಕು, ಬಸ್ಸು ಹತ್ತಕೂಡದು ಎಂಬುದು ನಮ್ಮ ಯಜಮಾನರ ಕಟ್ಟಪ್ಪಣೆ.

ಭಾನುವಾರ ಮಗ ತನ್ನ ಹಳೆಯ ಸ್ಪೋರ್ಟ್ಸ್ ಬೈಕಿನ ಹಿಂಭಾಗವನ್ನು ಸೀಟಿನ ಸಮೇತ ಬಿಚ್ಚಿ, ಬೇರೊಂದು ಬೈಕಿನದನ್ನು ಕೂರಿಸಿದ. ಅದರಲ್ಲಿ ಒಬ್ಬರಿಗಷ್ಟೇ ಜಾಗ.

ಮರುದಿನ ಬೆಳಿಗ್ಗೆ ಮಗಳು ಬ್ಯಾಗು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ನಾನು ಲಟ್ಟಣಿಗೆ ಹಿಡಿದೇ ಹೊರಗೆ ಬಂದೆ.

"ನಿನ್ ಶೋಕಿಗೆ ತಂಗಿ ಓದಿಗೇ ಕಲ್ಲು ಹಾಕಿದ್ಯಲ್ಲೋ."

"ಬಿಡೇ, ಅಡುಗೆಮನೇಲಿ ನಿನಗೊಂದು ಜೊತೆ ಆಯ್ತು," ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ಇನ್ನು ಅವಳೆಲ್ಲಿ ಕೂರ್ತಾಳೆ?"

ಮಗ ತನ್ನ ಹೆಲ್ಮೆಟ್ಟನ್ನು ತಂಗಿಯ ತಲೆಗೆ ಹಾಕಿ ಪಟ್ಟಿ ಬಿಗಿದ.

"ಓಡ್ಸೋದು ಕಲಿಸಿದೀನಪ್ಪ. ಅವಳು ಇದರಲ್ಲಿ ಹೋಗ್ಲಿ, ನಾನು ಬಸ್ಸಿಗೆ ಹೋಗ್ತೀನಿ."