ಒಬ್ಬರೇ ಕೇಳುವ ಚಾನೆಲ್

ಎಸ್ಟೋನಿಯನ್ ಚಾನೆಲನ್ನು ಯಾರೋ ಒಬ್ಬರು ಕೇಳುತ್ತಿದ್ದರು. ತಾರ್ವೊ ಲೆಪಿಕ್‌ನ ತೊಂದರೆ ಅದೇ ಆಗಿತ್ತು. ಯಾರೂ ಕೇಳದಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಹಲವು ದೇಶಗಳು ಸೇರಿ ನಡೆಸುವ ಆ ಸಂಸತ್ತಿನಲ್ಲಿ ವೆಚ್ಚ ಕಡಿತದ ಹೊಣೆ ತಾರ್ವೊನದು. ಬ್ರಸೆಲ್ಸ್‌ಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಸಮಿತಿ ಸಭೆಗಳಲ್ಲಿ ಗಾಜಿನ ಗೂಡಿನೊಳಗೆ ಕುಳಿತು, ಭಾಷೆಗೊಂದು ಹೆಡ್‌ಫೋನ್ ಚಾನೆಲ್‌ನಲ್ಲಿ ಅನುವಾದಿಸುವ ದುಭಾಷಿಗಳ ಮೇಲೆ ಈ ವರ್ಷ ಅವನ ಕಣ್ಣು ಬಿದ್ದಿತ್ತು. ಎಸ್ಟೋನಿಯಾದ ಸದಸ್ಯರೆಲ್ಲ ಇಂಗ್ಲಿಷ್ ಚಾನೆಲನ್ನೇ ಹಾಕಿಕೊಳ್ಳುತ್ತಿದ್ದರು. ಹಾಗಿದ್ದ ಮೇಲೆ ಇದನ್ನು ಕೇಳುವವರು ಯಾರು?

"ದಿನಾ ಇದೇ ಕಥೆ ಸರ್," ಎಂದ ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ಯೋಸ್ಟ್. "ಮೀನಿನ ಚರ್ಚೆ ಇರ್ಲಿ, ಹಾಲಿನ ಚರ್ಚೆ ಇರ್ಲಿ, ಒಬ್ರು ಕೇಳ್ತಾನೇ ಇರ್ತಾರೆ. ಸಾರ್ವಜನಿಕರ ಸೀಟಿಂದ."

"ಹಾಲಿನ ಚರ್ಚೆನ ಯಾರೂ ಪುಕ್ಕಟೆ ಕೇಳಲ್ಲ. ದುಭಾಷಿಗಳೇ ಯಾರನ್ನೋ ತಂದು ಕೂರಿಸಿದಾರೆ."

"ಅದು ನಿಮ್ಮ ಭಾಷೆನೇ ಅಲ್ವಾ ಸರ್?"

"ಅದಕ್ಕೇ ಮೊದಲು ಅದನ್ನೇ ತೆಗೀತಿರೋದು. ಪಕ್ಷಪಾತ ಅಂತ ಯಾರೂ ಅನ್ನಬಾರದು."

"ಮನೇಲಾದ್ರೂ ಮಾತಾಡ್ತೀರಾ?"

"ನನ್ನ ಹೆಂಡ್ತಿ ಇಲ್ಲೇ ಲಿಯೇಜ್ ಊರಿನವಳು. ಇಬ್ಬರು ಮಕ್ಕಳಿಗೂ ಫ್ರೆಂಚೇ ಬರೋದು. ಐದು ಜನದ ಮನೆಗೆ ಒಂದು ಭಾಷೆ ಸಾಕಪ್ಪ."

ಯೋಸ್ಟ್ ಕಾಫಿ ಕುಡಿದ. ಉಳಿತಾಯದ ಮಾತಿನಲ್ಲಿ ತಾರ್ವೊನನ್ನು ಗೆದ್ದವರಿರಲಿಲ್ಲ.

ಮರುದಿನ ಮೀನುಗಾರಿಕೆ ಸಮಿತಿಯ ಸಭೆ ಶುರುವಾದ ಮೇಲೆ ತಾರ್ವೊ ಮೆಲ್ಲಗೆ ಒಳಗೆ ಬಂದು ಸಾರ್ವಜನಿಕರ ಮೊದಲ ಸಾಲಿನಲ್ಲಿ ಕುಳಿತ. ಹಿಂದೆ ತಿರುಗಲಿಲ್ಲ. ಮೊದಲು ಸಾಕ್ಷ್ಯ ಸಿಗಲಿ, ಆಸಾಮಿಯನ್ನು ಆಮೇಲೆ ಹಿಡಿದರಾಯಿತು. ಗೂಡಿನಲ್ಲಿದ್ದ ಇಬ್ಬರು ಹೆಂಗಸರು ಅವನ ಮುಖ ಕಂಡವರಲ್ಲ. ಅವನ ಇಮೇಲುಗಳನ್ನಷ್ಟೇ ಕಂಡವರು. ಅವೂ ಫ್ರೆಂಚಿನಲ್ಲಿ.

ಅವನು ಹೆಡ್‌ಫೋನ್ ಹಾಕಿಕೊಂಡ. ಪೋರ್ಚುಗಲ್ಲಿನ ಸದಸ್ಯರೊಬ್ಬರು ಸಾರ್ಡೀನ್ ಮೀನಿನ ಬಲೆಯ ಕಣ್ಣು ಎಷ್ಟು ಅಗಲವಿರಬೇಕೆಂದು ವಿವರಿಸುತ್ತಿದ್ದರು. ಮಾರಿಕಾ ಎಂಬ ದುಭಾಷಿ ಅದನ್ನು ಅಚ್ಚುಕಟ್ಟಾಗಿ ಎಸ್ಟೋನಿಯನ್‌ಗೆ ತರುತ್ತಿದ್ದಳು. ಒಂದು ತಪ್ಪೂ ಸಿಗಲಿಲ್ಲ. ತಾರ್ವೊನಿಗೆ ಬೇಸರವಾಯಿತು. ಬಲೆಗೆ ಆ ಭಾಷೆಯಲ್ಲಿ ಏನನ್ನುತ್ತಾರೆಂಬುದು ಅವನಿಗೆ ಮರೆತೇ ಹೋಗಿತ್ತು. ಆ ಪದ ಕಿವಿಗೆ ಬಿದ್ದಾಗ ಬಾಲ್ಯದ ಸಮುದ್ರದ ವಾಸನೆ ಬಂದಂತಾಯಿತು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸದಸ್ಯರು ನೀರು ಕುಡಿಯಲು ನಿಲ್ಲಿಸಿದರು. ಮಾರಿಕಾ ನಿಲ್ಲಿಸಲಿಲ್ಲ.

"ಹೊರಗೆ ಮಳೆ ಹಿಡೀತು ಅಮ್ಮ. ಛತ್ರಿ ತಂದಿದೀರಾ?"

ತಾರ್ವೊ ನೆಟ್ಟಗೆ ಕುಳಿತ. ಮೀನುಗಾರಿಕೆಗೂ ಛತ್ರಿಗೂ ಸಂಬಂಧವಿರಲಿಲ್ಲ. ಸದಸ್ಯರು ಮತ್ತೆ ಬಲೆಯ ಮಾತಿಗೆ ಬಂದರು. ಮಾರಿಕಾ ಕೂಡ ಬಂದಳು. ಕಡತ ಹುಡುಕಲು ಅವರು ಇನ್ನೊಮ್ಮೆ ತಡೆದಾಗ ಹೆಡ್‌ಫೋನಿನಲ್ಲಿ ಅದೇ ದನಿ ಕೇಳಿತು.

"ಮಂಡಿ ನೋವು ಹೇಗಿದೆ? ಉಲ್ಲೆ ಇವತ್ತು ನಮ್ಮೂರ ಕಪ್ಪು ಬ್ರೆಡ್ ತಂದಿದಾಳೆ. ಊಟದ ಹೊತ್ತಿಗೆ ಹೋದ ಸಲದ ಹಾಗೆ ಓಡಿಹೋಗಬೇಡಿ."

ಗೂಡಿನಲ್ಲಿ ಮಾರಿಕಾಳ ಪಕ್ಕದಲ್ಲಿದ್ದ ಉಲ್ಲೆ ಗಾಜಿನಾಚೆಯಿಂದ ಕೈ ಬೀಸಿದಳು.

ತಾರ್ವೊ ಫೋನಿನಲ್ಲಿ ಧ್ವನಿಮುದ್ರಣ ಶುರುಮಾಡಿ ಅದನ್ನು ಹೆಡ್‌ಫೋನಿಗೆ ಒತ್ತಿ ಹಿಡಿದ. ಸಂಸತ್ತಿನ ಖರ್ಚಿನಲ್ಲಿ ಅಜ್ಜಿಯೊಬ್ಬಳ ಕ್ಷೇಮ ಸಮಾಚಾರ. ಗೂಡಿಗೆ ಬೀಗ ಹಾಕಿಸಲು ಇಷ್ಟು ಸಾಕು. ವರದಿಯ ಮೊದಲ ವಾಕ್ಯ ಆಗಲೇ ಹೊಳೆದಿತ್ತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಾರಿಕಾಳ ದನಿ ತಗ್ಗಿತು.

"ಕೇಳಬಾರದು, ಆದ್ರೂ ಕೇಳ್ತೀನಿ ಅಮ್ಮ. ನಿಮ್ಮ ಮಗ ನಿನ್ನೆ ರಾತ್ರಿಯಾದ್ರೂ ನಿಮ್ಮ ಹತ್ರ ನಮ್ಮ ಭಾಷೇಲಿ ಎರಡು ಮಾತಾಡಿದ್ನಾ?"

ಉತ್ತರ ಯಾರಿಂದ ಬರುತ್ತದೆಂದು ನೋಡಲು ತಾರ್ವೊ ಹಿಂದೆ ತಿರುಗಿದ.

ಕೊನೆಯ ಸಾಲಿನಲ್ಲಿ, ತಲೆವಸ್ತ್ರದ ಮೇಲೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಾಜಿನ ಗೂಡಿನತ್ತ ನೋಡುತ್ತ, ಅವನ ತಾಯಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು.